ನಿಮ್ಮ ಬೀಟ್ ಪೊಲೀಸರ ಹೆಸರು ನಿಮಗೆ ಗೊತ್ತೇ?
ಪದ್ಮನಾಭನಗರದ ನಾಗರಿಕರಲ್ಲಿ ಒಂದು ಮನವಿ



ನಿಮ್ಮ ಬೀದಿಗೆ ಗಸ್ತು ಬರುವ ಪೊಲೀಸರು ಯಾರು? ನಿಮ್ಮ ಮನೆ ಯಾವ ಠಾಣೆಯ ವ್ಯಾಪ್ತಿಗೆ ಸೇರುತ್ತದೆ? ಬನಶಂಕರಿ, ಚೆನ್ನಮ್ಮನಕೆರೆ ಅಚ್ಚುಕಟ್ಟು, ಸುಬ್ರಹ್ಮಣ್ಯಪುರ, ಕುಮಾರಸ್ವಾಮಿ ಬಡಾವಣೆ ಎಂದು ನಮ್ಮ ಸುತ್ತಲೇ ನಾಲ್ಕು ಠಾಣೆಗಳಿವೆ. ಇಪ್ಪತ್ತು ವರ್ಷದಿಂದ ಇಲ್ಲೇ ಇರುವವರಲ್ಲೂ ಅನೇಕರಿಗೆ ತಮ್ಮ ಠಾಣೆ ಯಾವುದೆಂದು ತಿಳಿಯುವುದು ಮನೆಗೆ ಕನ್ನ ಬಿದ್ದ ದಿನವೇ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಆಮೇಲೆ ಗ್ರಿಲ್ ಬರುತ್ತದೆ, ಕ್ಯಾಮೆರಾ ಬರುತ್ತದೆ, ಗೇಟಿಗೆ ಎರಡನೆಯ ಬೀಗ ಬರುತ್ತದೆ.

ನಾವು ಹೇಳಬೇಕೆಂದಿರುವುದು ಇಷ್ಟು. ಪೊಲೀಸರು, ಪಾಲಿಕೆ, ಬೆಸ್ಕಾಂ, ಬ್ಯಾಂಕು, ನಿವಾಸಿಗಳ ಸಂಘ, ಅಂಗಡಿಯವರು ಎಲ್ಲರೂ ಅವರವರ ಪಾಡಿಗೆ ಕೆಲಸ ಮಾಡುತ್ತಲೇ ಇದ್ದಾರೆ. ಇವರೆಲ್ಲ ತಿಂಗಳಿಗೊಮ್ಮೆ ಒಂದು ಕಡೆ ಕೂರಬೇಕು. ಇಡೀ ಬಡಾವಣೆಗೆ ಒಂದು ದೊಡ್ಡ ಸಭೆ ಸಾಲದು, ಪ್ರತಿ ಬೀಟ್‌ಗೂ ಒಂದೊಂದು ಸಭೆ ಬೇಕು.

ಸರಗಳ್ಳತನವನ್ನೇ ತೆಗೆದುಕೊಳ್ಳಿ. ಹೊತ್ತಿಗೆ ಮುಂಚೆ ಗೇಟಿನ ಮುಂದೆ ಬಗ್ಗಿ ರಂಗೋಲಿ ಇಡುತ್ತಿರುವ ಹೆಂಗಸು. ಬೈಕಿನಲ್ಲಿ ಇಬ್ಬರು ಬರುತ್ತಾರೆ, ಹಿಂದೆ ಕೂತವನು ಯಾವುದೋ ವಿಳಾಸ ಕೇಳುತ್ತಾನೆ, ಕ್ಷಣದಲ್ಲಿ ಕೊರಳಿನ ಸರ ಹೋಗಿರುತ್ತದೆ. ಕೂಗು ಕೇಳಿ ನಾಲ್ಕಾರು ಮನೆಯವರು ಹೊರಗೆ ಬರುತ್ತಾರೆ. ಎಲ್ಲರಿಗೂ ಹೊಳೆಯುವುದು ಕ್ಯಾಮೆರಾ. ಒಂದು ಮನೆಯ ಕ್ಯಾಮೆರಾ ತಮ್ಮ ಕಾರನ್ನಷ್ಟೇ ನೋಡುತ್ತಿರುತ್ತದೆ. ಇನ್ನೊಂದು ಮನೆಯ ರೆಕಾರ್ಡರ್‌ನ ಪಾಸ್‌ವರ್ಡ್ ಅಮೆರಿಕದಲ್ಲಿರುವ ಮಗನಿಗೆ ಮಾತ್ರ ಗೊತ್ತು. ಮೂರನೆಯ ಮನೆಯದರಲ್ಲಿ ಬೈಕ್ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದರ ಗಡಿಯಾರ ಮುಕ್ಕಾಲು ಗಂಟೆ ಹಿಂದೆ. ಆ ಬೈಕ್ ಮುಂದೆ ದೇವೇಗೌಡ ಪೆಟ್ರೋಲ್ ಬಂಕ್ ಕಡೆಗೆ ಹೋಯಿತೋ ಕದಿರೇನಹಳ್ಳಿ ಕಡೆಗೆ ತಿರುಗಿತೋ ಎಂದು ಹುಡುಕಬೇಕಾದ ಪೊಲೀಸರಿಗೆ ಆ ಮುಕ್ಕಾಲು ಗಂಟೆ ದೊಡ್ಡ ಗೋಜಲು. ಕ್ಯಾಮೆರಾಕ್ಕೆ ಸಾವಿರಾರು ರೂಪಾಯಿ ಸುರಿದ ನಮಗೆ ಅದರ ಗಡಿಯಾರ ಸರಿಮಾಡಲು ಐದು ನಿಮಿಷ ಸಿಗಲಿಲ್ಲ.

ಕ್ಯಾಮೆರಾ ಬೇಡವೆಂದಲ್ಲ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಗೆ ಆಯ್ಕೆಯಾದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ಅದರಡಿ ನಗರದಲ್ಲಿ ಸಾವಿರಾರು ಕ್ಯಾಮೆರಾಗಳು ಬಂದಿವೆ, ಅವನ್ನೆಲ್ಲ ಒಂದೆಡೆ ಕೂತು ನೋಡುವ ಕಮಾಂಡ್ ಸೆಂಟರ್ 2023ರಲ್ಲಿ ಉದ್ಘಾಟನೆಯಾಯಿತು. ಅವು ಇರುವುದು ಮುಖ್ಯರಸ್ತೆ, ವೃತ್ತ, ಜನ ಸೇರುವ ಜಾಗಗಳಲ್ಲಿ. ನಮ್ಮ ಒಳಗಿನ ಕ್ರಾಸ್‌ಗಳನ್ನು ನೋಡಿಕೊಳ್ಳಬೇಕಾದವರು ನಾವೇ. ಯಾವ ಮನೆಯ ಕ್ಯಾಮೆರಾ ಯಾವ ತಿರುವನ್ನು ನೋಡುತ್ತದೆ, ಅದರ ದೃಶ್ಯ ಎಷ್ಟು ದಿನ ಉಳಿಯುತ್ತದೆ, ತೆಗೆದುಕೊಡುವವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದು ಬೀಟ್ ಪೊಲೀಸರ ಕೈಗೆ ಕೊಟ್ಟರೆ ಅರ್ಧ ತನಿಖೆ ಮುಗಿದಂತೆ.

ಇನ್ನು ಬೀದಿದೀಪ. ಕಂಬದ ದೀಪ ಪಾಲಿಕೆಯದು, ವಿದ್ಯುತ್ ಬೆಸ್ಕಾಂನದು. ದೀಪ ಉರಿಯುತ್ತಿದ್ದರೂ ಕೊಂಬೆ ಅಡ್ಡ ಬಂದು ಕೆಳಗೆ ಕತ್ತಲಾಗಿದ್ದರೆ ಅದನ್ನು ಸವರಬೇಕಾದವರು ಪಾಲಿಕೆಯ ಅರಣ್ಯ ವಿಭಾಗದವರು. ಆ ಕತ್ತಲಲ್ಲೇ ಟ್ಯೂಷನ್ ಮುಗಿಸಿ ಬರುವ ಹುಡುಗಿಯನ್ನು ಯಾರೋ ಹಿಂಬಾಲಿಸಿದರೆ ಆಗ ಅದು ಪೊಲೀಸರ ಕೆಲಸ. ಹೀಗೆ ಕತ್ತಲು ಒಂದೇ ಆದರೂ ಅದಕ್ಕೆ ಕಚೇರಿ ನಾಲ್ಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದ ಮೇಲೆ, ಯಾವ ದೂರಿಗೆ ಯಾವ ಎಂಜಿನಿಯರ್ ಎಂಬುದು ಎಷ್ಟೋ ಜನರಿಗೆ ಇನ್ನೂ ತಿಳಿದಿಲ್ಲ. ಗಸ್ತಿನಲ್ಲಿ ರಾತ್ರಿಯೆಲ್ಲ ತಿರುಗುವ ಕಾನ್‌ಸ್ಟೆಬಲ್‌ಗೆ ಯಾವ ಕಂಬ ಕುರುಡಾಗಿದೆ ಎಂದು ಗೊತ್ತಿರುತ್ತದೆ. ಅದನ್ನು ಎಂಜಿನಿಯರ್‌ಗೆ ಎದುರೆದುರೇ ಹೇಳುವ ಒಂದು ಜಾಗವೇ ಇಲ್ಲ. ನಾವು ಕೇಳುತ್ತಿರುವ ಸಭೆ ಆ ಜಾಗ.

ಇದಕ್ಕಾಗಿ ಹೊಸ ಕಾನೂನು ಬೇಕಿಲ್ಲ. ತಮಿಳುನಾಡಿನ ರಾಮನಾಥಪುರದಲ್ಲಿ 1993ರಲ್ಲೇ ಜನ ಪೊಲೀಸರ ಜೊತೆ ಕೈಜೋಡಿಸುವ ‘ಫ್ರೆಂಡ್ಸ್ ಆಫ್ ಪೊಲೀಸ್’ ಶುರುವಾಯಿತು. ಕೇರಳದ ಜನಮೈತ್ರಿ ಸುರಕ್ಷಾ ಯೋಜನೆ ಬಂದದ್ದು 2008ರಲ್ಲಿ, ಅಲ್ಲಿ ಬೀಟ್ ಅಧಿಕಾರಿ ಮನೆಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುವುದೇ ಕೆಲಸದ ಭಾಗ. ನಮ್ಮಲ್ಲೂ ಆಗಿಲ್ಲವೆಂದಲ್ಲ. ನಗರ ಪೊಲೀಸರ ಜೊತೆಗೂಡಿ ಜನಾಗ್ರಹ ಸಂಸ್ಥೆ 2013ರಲ್ಲಿ ‘ಏರಿಯಾ ಸುರಕ್ಷಾ ಮಿತ್ರ’ರೆಂಬ ಸ್ವಯಂಸೇವಕರನ್ನು ತಯಾರುಮಾಡಿತು. 2017ರಲ್ಲಿ ಆರ್.ಕೆ. ದತ್ತಾ ಡಿಜಿಪಿ ಆಗಿದ್ದಾಗ, ಒಬ್ಬ ಸಿಬ್ಬಂದಿಗೆ ಒಂದು ಬೀಟ್, ಅಲ್ಲಿನ ಜನರೂ ಅದರಲ್ಲಿ ಸದಸ್ಯರು ಎಂಬ ಸುಧಾರಿತ ವ್ಯವಸ್ಥೆ ರಾಜ್ಯಕ್ಕೆಲ್ಲ ಬಂತು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ನಲವತ್ತು ಐವತ್ತು ಮನೆಗಳಿಗೊಂದು ಗುಂಪು ಮಾಡಿ, ಪೊಲೀಸರೇ ಬಾಗಿಲಿಗೆ ಬಂದು ಕಷ್ಟಸುಖ ವಿಚಾರಿಸುವ ಯೋಜನೆ ಅದು.

ಯೋಜನೆಗಳಿಗೆ ಕೊರತೆಯಿಲ್ಲ, ಅವು ಬಾಳಬೇಕು. ಅಧಿಕಾರಿಗೆ ವರ್ಗವಾದರೆ ಹೊಸಬರ ಜೊತೆ ಮತ್ತೆ ಮೊದಲಿನಿಂದ ಶುರು. ವರ್ಗವಾಗದೆ ಇಲ್ಲೇ ಉಳಿಯುವವರು ನಾವು. ಬಾಗಿಲಿಗೆ ಬಂದ ಪೊಲೀಸರಿಗೆ ಗೇಟಿನಲ್ಲೇ ‘ಎಲ್ಲ ಚೆನ್ನಾಗಿದೆ ಸಾರ್’ ಎಂದು ಹೇಳಿ ಕಳಿಸುವ ಬದಲು ಒಂದು ಲೋಟ ನೀರು ಕೊಟ್ಟು ಕೂರಿಸಿ. ಪಕ್ಕದ ಮನೆಯವರು ಊರಿಗೆ ಹೋಗಿದ್ದಾರೆ, ಎದುರಿನ ಖಾಲಿ ಸೈಟಿನಲ್ಲಿ ರಾತ್ರಿ ಕುಡಿಯುವವರು ಸೇರುತ್ತಾರೆ, ಮೇಲಿನ ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದಾರೆ ಎಂದು ಹೇಳಿ. ಅವರ ನಂಬರ್ ಬರೆದುಕೊಳ್ಳಿ.

ಸಭೆಗೆ ಯಾರು ಬರಬೇಕು ಎಂಬುದೇ ಎಲ್ಲಕ್ಕಿಂತ ಮುಖ್ಯ. ಸ್ವಂತ ಮನೆಯವರಷ್ಟೇ ಕೂತು ಬಾಡಿಗೆಯವರ ಬಗ್ಗೆ, ಪಿ.ಜಿ. ಹುಡುಗರ ಬಗ್ಗೆ, ಕಟ್ಟಡದ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಸಂಸಾರಗಳ ಬಗ್ಗೆ ಮಾತಾಡುವುದಾದರೆ ಅಂಥ ಸಭೆ ಆಗದಿರುವುದೇ ಒಳ್ಳೆಯದು. ಬೆಳಗಿನ ಐದು ಗಂಟೆಗೆ ಬೀದಿಯಲ್ಲಿರುವವರು ಯಾರು? ಪೌರಕಾರ್ಮಿಕರು, ಹಾಲು ಪೇಪರು ಹಾಕುವ ಹುಡುಗರು, ಹೂ ಮಾರುವವರು. ನಡುಹಗಲಲ್ಲಿ ಮರದಡಿ ಇಸ್ತ್ರಿ ಮಾಡುವವರು, ತಳ್ಳುಗಾಡಿಯವರು, ಆಟೋ ಸ್ಟ್ಯಾಂಡಿನವರು. ಮೂರು ದಿನದ ಪೇಪರು ಗೇಟಿನೊಳಗೆ ಹಾಗೇ ಬಿದ್ದಿದ್ದರೆ ಮೊದಲು ಕಾಣುವುದು ಇವರಿಗೆ. ಇವರನ್ನು ಅನುಮಾನದಿಂದ ನೋಡುವುದನ್ನು ಬಿಟ್ಟು ಸಭೆ ನಡೆಸುವ ಬೀಟ್ ಸಮಿತಿಯ ಸದಸ್ಯರನ್ನಾಗಿ ಮಾಡಿಕೊಳ್ಳಿ. ಹೀಗೆ ಮಾಡಿದರೆ ಅವರ ಕಷ್ಟವೂ ಠಾಣೆಗೆ ಮುಟ್ಟುತ್ತದೆ. ಗಾಡಿಯವರಿಂದ ಮಾಮೂಲು ಕೀಳುವ ಪುಂಡರು, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ದಾರಿಯಲ್ಲಿ ಕಾಡುವವರು ಇವರೆಲ್ಲ ಅಪರಾಧಿಗಳೇ ಅಲ್ಲವೇ?

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. 2018ರ ಮೇ ತಿಂಗಳಲ್ಲಿ ನಮ್ಮಿಂದ ಕೆಲವೇ ಮೈಲಿ ದೂರದ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳನೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪು ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಹೊಡೆದು ಕೊಂದಿತು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಇಂಥದೇ ವದಂತಿಗೆ ಬಲಿಯಾದರು. ಹೊಡೆದವರೂ ತಾವು ಬೀದಿ ಕಾಯುತ್ತಿದ್ದೇವೆಂದೇ ತಿಳಿದಿದ್ದರು. ಬೀಟ್ ಸಮಿತಿಯ ಸದಸ್ಯನಿಗೆ ಯಾರನ್ನೂ ತಡೆಯುವ, ಜೇಬು ತಡಕುವ, ಜಾತಿ ಊರು ಕೇಳುವ, ಫೋಟೋ ತೆಗೆದು ಗ್ರೂಪಿಗೆ ಹಾಕುವ ಅಧಿಕಾರವಿಲ್ಲ. ನೋಡುವುದು, ಪೊಲೀಸರಿಗೆ ತಿಳಿಸುವುದು, ಅಷ್ಟೇ. ಈ ಷರತ್ತಿಗೆ ಒಪ್ಪದವರು ಸಮಿತಿಯಲ್ಲಿ ಇರುವುದು ಬೇಡ.

ಈಗಿನ ಕಳ್ಳ ಗೇಟು ಹಾರಿಯೇ ಬರಬೇಕಿಲ್ಲ. ನಿವೃತ್ತರು, ಮಕ್ಕಳು ಹೊರದೇಶದಲ್ಲಿರುವ ದಂಪತಿಗಳು ನಮ್ಮ ಬಡಾವಣೆಯಲ್ಲಿ ಬಹಳ. ವಂಚಕರು ಸಿಬಿಐ ಎಂದೋ ಕಸ್ಟಮ್ಸ್ ಎಂದೋ ಹೇಳಿಕೊಂಡು ಇಂಥವರನ್ನು ವಿಡಿಯೊ ಕರೆಯಲ್ಲಿ ದಿನಗಟ್ಟಲೆ ಕೂರಿಸಿ, ಜೀವಮಾನದ ಉಳಿತಾಯವನ್ನು ಬಳಿದುಕೊಂಡು ಹೋಗುತ್ತಾರೆ. ಅವರು ಹೇಳಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಹಿರಿಯರು ಗಾಬರಿಯಲ್ಲಿ ಎಫ್‌ಡಿ ಮುರಿಸಲು ಬಂದಾಗ ಎದುರಿಗೆ ಕೂತಿರುವವರು ಬ್ಯಾಂಕಿನ ಸಿಬ್ಬಂದಿ. ‘ಯಾರಾದರೂ ಫೋನ್ ಮಾಡಿದ್ದರಾ ಅಮ್ಮಾ?’ ಎಂದು ಅವರು ಒಂದು ಮಾತು ಕೇಳಿದರೆ ಸಂಸಾರ ಉಳಿಯುತ್ತದೆ. ಆದ್ದರಿಂದ ಬಡಾವಣೆಯ ಬ್ಯಾಂಕ್ ಶಾಖೆಗಳವರೂ ಸಭೆಗೆ ಬರಲೇಬೇಕು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಪ್ರತಿ ಕ್ರಾಸಿನ ತುದಿಯಲ್ಲೂ ಬೀಟ್ ಪೊಲೀಸರ ಹೆಸರು, ಮೊಬೈಲ್ ನಂಬರ್, ಠಾಣೆಯ ಹೆಸರಿರುವ ಫಲಕ ಇರಲಿ. ತಿಂಗಳ ಒಂದು ಭಾನುವಾರ ಬೀಟ್ ಸಭೆ ನಡೆಯಲಿ, ಪಾಲಿಕೆ ಎಂಜಿನಿಯರ್ ಅಲ್ಲಿ ಹಾಜರಿರಲಿ. ಹಿಂದಿನ ಸಭೆಯಲ್ಲಿ ಹೇಳಿದ ಕೆಲಸ ಆಯಿತೇ ಎಂದು ಮೊದಲು ಓದಿ ಹೇಳಲಿ. ಊರಿಗೆ ಹೋಗುವವರು ಠಾಣೆಗೆ ತಿಳಿಸಿದರೆ ಆ ಮನೆಯನ್ನು ರಾತ್ರಿ ಗಸ್ತಿನ ದಾರಿಗೆ ಸೇರಿಸಲಿ. ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಯಾರನ್ನೂ ತಿರುಗಿಸಿ ಕಳಿಸದಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಸಂಜ್ಞೇಯ (ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧ ಎಲ್ಲೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಆನ್‌ಲೈನಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು.

ಇವನ್ನೆಲ್ಲ ಬರೆದ ಮನವಿಯನ್ನು ಠಾಣೆಗಳಿಗೂ ಪಾಲಿಕೆಗೂ ಕೊಡಲಿದ್ದೇವೆ. ಬೀಟ್ ಸಮಿತಿಗೆ ಪ್ರತಿ ಕ್ರಾಸಿನಿಂದ ಇಬ್ಬರು ಬೇಕು, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಈ ಕರಪತ್ರ ಹಂಚಲು ಬಂದವರ ಹತ್ತಿರ ಹೆಸರು ಬರೆಸಿ, ಸಹಿ ಮಾಡಿ.

ಫೋನಿನ ಪಕ್ಕ ಅಂಟಿಸಿಡಿ: ಯಾವುದೇ ತುರ್ತಿಗೆ 112. ಸೈಬರ್ ವಂಚನೆಗೆ 1930, ಹಣ ಹೋದದ್ದು ತಿಳಿದ ಕೂಡಲೇ ಕರೆ ಮಾಡಿ. ಹಿರಿಯ ನಾಗರಿಕರಿಗೆ 1090, ಮಕ್ಕಳಿಗೆ 1098. ವಿದ್ಯುತ್ ತೊಂದರೆಗೆ 1912, ಪಾಲಿಕೆಯ ದೂರಿಗೆ 1533. ಬೀದಿದೀಪದ ದೂರು ಕೊಡುವಾಗ ಕಂಬದ ಮೇಲೆ ಬರೆದಿರುವ ಸಂಖ್ಯೆಯನ್ನು ಹೇಳಿ.