ತಿನ್ನಲೆಂದೇ ನೆಟ್ಟ ಬಳ್ಳಿ

ಮುಂಬಯಿಯ ಬಾಲ್ಕನಿ ಗ್ರಿಲ್ಲಿಗೆ ಕೃಷ್ಣಕಮಲದಷ್ಟು ಒಗ್ಗುವ ಬಳ್ಳಿಗಳು ಕಡಿಮೆ. ಮಳೆ ಹಿಡಿದರೆ ಸಾಕು, ಕಂಬಿ ಕಂಬಿಗೂ ಕುಡಿ ಸುತ್ತಿ ಮೇಲಿನ ಮನೆಯವರ ಕಿಟಕಿ ಮುಟ್ಟುತ್ತದೆ. ಹೂವಿನ ಹೊರಗಿನ ನೇರಳೆ ಎಳೆಗಳನ್ನು ಕೌರವರೆಂದೂ ನಡುವಿನ ಐದು ಕೇಸರಗಳನ್ನು ಪಾಂಡವರೆಂದೂ ತೋರಿಸುವ ಹಿರಿಯರಿಗೆ, ಇದರ ತವರು ಅಮೆರಿಕ ಖಂಡ ಎಂದರೆ ಅಚ್ಚರಿಯಾದೀತು.

ಪರದೇಶದ ಈ ಕುಲವನ್ನು ನಮ್ಮ ನೆಲದ ಚಿಟ್ಟೆಯೊಂದು ತನ್ನದಾಗಿಸಿಕೊಂಡಿದೆ. ಅದು ಟಾನಿ ಕೋಸ್ಟರ್, ಕಿತ್ತಳೆಗೆಂಪು ರೆಕ್ಕೆಯ ಮೇಲೆ ಕರಿಚುಕ್ಕಿ. ಎಲೆಯ ಮೇಲೆ ಹಳದಿ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಹೊರಬಂದ ಮುಳ್ಳುಮೈಯ ಹುಳುಗಳು ಪಂಕ್ತಿಯಲ್ಲಿ ಕೂತಂತೆ ಒಟ್ಟಿಗೆ ಉಣ್ಣುತ್ತವೆ. ಈ ಕುಲದ ಎಲೆಗಳಲ್ಲಿ ಸಯನೈಡ್ ಹೊಮ್ಮಿಸುವ ರಾಸಾಯನಿಕಗಳಿದ್ದರೂ ಹುಳುಗಳಿಗೆ ಅದು ಅರಗುತ್ತದೆ. ಚಿಟ್ಟೆಯ ಮೈ ಹಕ್ಕಿಗಳಿಗೆ ರುಚಿಸದು; ಅದಕ್ಕೇ ಅದರ ಹಾರಾಟದಲ್ಲಿ ಅಂಥ ನಿಧಾನ. ಭಾರತ, ಶ್ರೀಲಂಕಾಗಳ ಈ ಚಿಟ್ಟೆ ಪೂರ್ವಕ್ಕೆ ಸರಿಯುತ್ತ ಸರಿಯುತ್ತ 2012ರಲ್ಲಿ ಉತ್ತರ ಆಸ್ಟ್ರೇಲಿಯಾವನ್ನೇ ತಲುಪಿತು.

ಹಾಗೆಂದು ಹೊರಗಿನ ಬಳ್ಳಿಗಳೆಲ್ಲ ಚಿಟ್ಟೆಗೆ ಒಗ್ಗುವುದಿಲ್ಲ. ಕರ್ನಾಟಕದ ರಾಜ್ಯಚಿಟ್ಟೆ ಸದರ್ನ್ ಬರ್ಡ್‌ವಿಂಗ್ ನಮ್ಮ ಈಶ್ವರಿ ಬಳ್ಳಿಯ ಎಲೆ ತಿಂದು ಬೆಳೆಯುತ್ತದೆ. ಮುಂಬಯಿಯಲ್ಲಿ ಕಾಣುವ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳಿಗೂ ಅದೇ ಊಟ. ಅದರದೇ ದಾಯಾದಿ, ಹೂವಿನ ಚೆಂದಕ್ಕೆಂದು ಬೆಳೆಸುವ ದಕ್ಷಿಣ ಅಮೆರಿಕದ ಅರಿಸ್ಟೊಲೋಕಿಯ ಬಳ್ಳಿ, ಆಸ್ಟ್ರೇಲಿಯಾದ ರಿಚ್ಮಂಡ್ ಬರ್ಡ್‌ವಿಂಗ್‌ಗೆ ಮೃತ್ಯುವಾಗಿದೆ. ತಾಯಿಚಿಟ್ಟೆ ತನ್ನ ಬಳ್ಳಿಯೆಂದೇ ನಂಬಿ ಮೊಟ್ಟೆಯಿಡುತ್ತದೆ, ಮರಿ ಎಲೆ ತಿಂದು ಸಾಯುತ್ತದೆ. ಹೀಗಾಗಿ ದೇಶಿ, ವಿದೇಶಿ ಎಂಬ ವಾದ ನನಗೆ ಸಾಲದು. ಈ ಎಲೆ ತಿಂದ ಹುಳು ರೆಕ್ಕೆ ಬಿಚ್ಚುತ್ತದೆಯೇ ಎಂದು ಕೇಳಿ ಬಳ್ಳಿ ಆರಿಸಬೇಕು. ಠಾಣೆಯ ಘೋಡ್‌ಬಂದರ್ ರಸ್ತೆಯ ಓವಳೇಕರ್ ವಾಡಿಯ ಚಿಟ್ಟೆತೋಟಕ್ಕೆ ಹೋಗಿ ನೋಡಿ: ಅಲ್ಲಿ ಮಕರಂದದ ಹೂಗಿಡಗಳ ಜೊತೆಗೆ ಮರಿಹುಳುಗಳ ಆಹಾರಗಿಡಗಳಿಗೂ ಜಾಗವಿದೆ.

ಎಲೆ ತೂತಾದದ್ದನ್ನು ಕಂಡೊಡನೆ ಸೊಸೈಟಿಯ ಮಾಲಿಯಿಂದ ಔಷಧಿ ಹೊಡೆಸುವವರಿದ್ದಾರೆ. ದಯವಿಟ್ಟು ಬೇಡ. ಬೇರು ಗಟ್ಟಿಯಿದ್ದರೆ ಬೋಳಾದ ಕೃಷ್ಣಕಮಲ ಮತ್ತೆ ಚಿಗುರುತ್ತದೆ. ಬಿಸಿಲು ಬೀಳುವ ಕಡೆ ದೊಡ್ಡ ಕುಂಡಗಳೆರಡನ್ನು ಇಟ್ಟು, ತಿಂಗಳ ಅಂತರದಲ್ಲಿ ಒಂದೊಂದು ಕಡ್ಡಿ ಊರಿ. ಮೊದಲನೆಯದರ ಎಲೆ ಮುಗಿಯುತ್ತ ಬಂದಾಗ ಹುಳುಗಳನ್ನು ಕೈಯಲ್ಲಿ ಕೀಳದೆ, ಅವು ಕೂತ ಎಲೆಯ ತುಂಡಿನ ಸಮೇತ ಎರಡನೆಯದಕ್ಕೆ ದಾಟಿಸಬಹುದು.