ಒಂದು ರಜೆಯ ಬೆಲೆ

ಡೆನ್ಮಾರ್ಕ್ ಪುಟ್ಟ ರಾಷ್ಟ್ರ. ಅಲ್ಲಿ ಈಸ್ಟರ್ ಕಳೆದ ನಾಲ್ಕನೆಯ ಶುಕ್ರವಾರ 'ಮಹಾಪ್ರಾರ್ಥನಾ ದಿನ'. 1686ರಿಂದ ನಡೆದುಬಂದ ರಜೆ. ಆ ದಿನ ಬೇಕರಿಯವರಿಗೂ ಬಿಡುವು. ಆದ್ದರಿಂದ ಮುನ್ನಾ ಸಂಜೆಯೇ ಏಲಕ್ಕಿ ಹಾಕಿದ ಗೋಧಿ ಬನ್ನು ಕೊಂಡಿಡುವುದು ಜನರ ವಾಡಿಕೆಯಾಯಿತು.

2023ರ ಫೆಬ್ರವರಿಯಲ್ಲಿ ಸರಕಾರ ಈ ರಜೆಯನ್ನು ಕಾನೂನು ಮಾಡಿ ಕಿತ್ತುಹಾಕಿತು. 2024ರಿಂದ ಅದು ಜಾರಿಗೆ ಬಂತು. ಕೊಟ್ಟ ಕಾರಣ, ರಕ್ಷಣಾ ವೆಚ್ಚಕ್ಕೆ ಹಣ ಬೇಕೆಂಬುದು. ಹತ್ತಾರು ಸಾವಿರ ಜನ ಕೋಪನ್‌ಹೇಗನ್ನಿನಲ್ಲಿ ಪ್ರತಿಭಟಿಸಿದರು. ಆದರೂ ಪಾರ್ಲಿಮೆಂಟಿನಲ್ಲಿ ಪರವಾಗಿ 95, ವಿರೋಧವಾಗಿ 68 ಮತ ಬಿದ್ದವು. ಹೆಚ್ಚಿನ ದುಡಿಮೆಗೆ ಸಿಕ್ಕಿದ್ದು ವರ್ಷದ ಸಂಬಳದ ಶೇಕಡಾ 0.45!

ನಮ್ಮನ್ನು ನೋಯಿಸುವುದು ಬೇರೆ ಸಂಗತಿ. ಆ ಸರಕಾರದ ಮುಂದಾಳು ಸೋಶಿಯಲ್ ಡೆಮಾಕ್ರಟಿಕ್ ಪಕ್ಷ. ಕಾರ್ಮಿಕರೇ ಕಟ್ಟಿ ಬೆಳೆಸಿದ ಪಕ್ಷ. ಕೆಲಸದ ಹೊತ್ತನ್ನು ಸಂಘಗಳೂ ಮಾಲೀಕರೂ ಎದುರುಬದುರು ಕೂತು ತೀರ್ಮಾನಿಸುವುದು ಆ ನಾಡಿನ ಪದ್ಧತಿ. ಅದನ್ನೇ ಬದಿಗೊತ್ತಲಾಯಿತು. ದೇಶರಕ್ಷಣೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಅದರ ಹೊರೆ ದುಡಿಯುವವನ ಬಿಡುವಿನ ಮೇಲೆಯೇ ಏಕೆ ಬೀಳಬೇಕು? ಬಿಡುವು ದಾನವಲ್ಲ, ಹಕ್ಕು. ಕೇಳದೆ ಒಂದು ದಿನ ಕಸಿದವರು ಇನ್ನೊಂದಕ್ಕೆ ಕೈಚಾಚಲು ಅಂಜುವರೇ? ನಮ್ಮ ಶ್ರಮಿಕ ಬಂಧುಗಳು ಇದನ್ನು ಮನಗಾಣಬೇಕು.