ಊಟದಲ್ಲಿ ಕಣ್ಣಿನ ಪಾಲು

ಕೊಡಗಿನ ಅಮ್ಮತ್ತಿಯಲ್ಲಿ, ಕಕ್ಕಡ ಮಾಸದ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ ೩ರ ಸುಮಾರಿಗೆ, ಪರಿಚಿತರೊಬ್ಬರ ಮನೆಯಲ್ಲಿ ನಮ್ಮ ಮುಂದೆ ಒಂದು ಬಟ್ಟಲು ಪಾಯಸವನ್ನು ತಂದಿಟ್ಟರು. ಹೊರಗೆ ಎಡೆಬಿಡದ ಮಳೆ. ಬಟ್ಟಲಿನಿಂದ ಹಬೆ ಏಳುತ್ತಿತ್ತು. ಬೆಲ್ಲದ ಮತ್ತು ತೆಂಗಿನ ಹಾಲಿನ ಪರಿಮಳವೂ ಇತ್ತು. ಆದರೂ ನಮ್ಮ ಕೈ ಮುಂದಕ್ಕೆ ಹೋಗಲಿಲ್ಲ. ಆ ಪಾಯಸದ ಬಣ್ಣ ಕಡುನೇರಳೆ! ಶಾಯಿಯ ಕುಡಿಕೆಯೊಂದು ಅದರೊಳಗೆ ಉರುಳಿತೇನೋ ಎಂಬ ಶಂಕೆ ನಮಗೆ. ಮನೆಯ ಮಕ್ಕಳಾದರೋ ಆಗಲೇ ಎರಡನೆಯ ಬಟ್ಟಲಿಗೆ ಕೈಚಾಚಿದ್ದರು.

ಅದು ಮದ್ದುಸೊಪ್ಪಿನ ಪಾಯಸ. ಸಸ್ಯಶಾಸ್ತ್ರಜ್ಞರು ಈ ಗಿಡವನ್ನು ಜಸ್ಟೀಷಿಯ ವೈನಾಡೆನ್ಸಿಸ್ ಎಂದು ಕರೆಯುತ್ತಾರೆ. ನೋಡಲು ಸಾಧಾರಣ ಹಸಿರೆಲೆ. ನೀರಿನಲ್ಲಿ ಕುದಿಸಿದಾಗ ಮಾತ್ರ ತನ್ನೊಳಗಿನ ನೇರಳೆ ಬಣ್ಣವನ್ನು ಬಿಟ್ಟುಕೊಡುತ್ತದೆ. ಆ ದಿನ ಅದರಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆಂಬುದು ನಾಡಿನ ನಂಬಿಕೆ. ತಿಂದವರ ಮೂತ್ರ ಕೆಂಪಾಗುವುದರಿಂದ ಹೊಸಬರು ಗಾಬರಿಗೊಳ್ಳುವುದೂ ಉಂಟು. ಮದ್ದಿನ ಗುಣದ ವಿಚಾರ ಇಲ್ಲಿ ಬೇಡ. ಒಂದೇ ಬಟ್ಟಲು ಆ ಮಕ್ಕಳ ಕಣ್ಣಿಗೆ ಹಬ್ಬವಾಗಿ, ನಮ್ಮ ಕಣ್ಣಿಗೆ ಶಾಯಿಯಾಗಿ ತೋರಿದ್ದೇಕೆ ಎಂಬುದೇ ನಮ್ಮನ್ನು ಕಾಡಿದ ಪ್ರಶ್ನೆ.

ರುಚಿ ನಾಲಗೆಯದೆಂದು ನಾವೆಲ್ಲರೂ ತಿಳಿದಿದ್ದೇವೆ. ಆದರೆ ನಾಲಗೆ ಗುರುತಿಸಬಲ್ಲದ್ದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಜಪಾನೀಯರು ಉಮಾಮಿ ಎಂದು ಹೆಸರಿಟ್ಟ ಇನ್ನೊಂದು, ಇಷ್ಟನ್ನೇ. ಉಳಿದ ಸೊಗಸಿನ ಬಹುಭಾಗವನ್ನು ಒದಗಿಸುವುದು ಮೂಗು. ಇವೆರಡಕ್ಕೂ ಮೊದಲೇ ಕೆಲಸಕ್ಕೆ ಇಳಿಯುವುದು ಕಣ್ಣು. ಆಹಾರವನ್ನು ಕಂಡಮಾತ್ರಕ್ಕೇ ನಾಯಿಯ ಬಾಯಲ್ಲಿ ಜೊಲ್ಲೂ ಜಠರದಲ್ಲಿ ಜೀರ್ಣರಸವೂ ಒಸರುವುದನ್ನು ರಷ್ಯದ ಪಾವ್ಲೊವ್ ತೋರಿಸಿಕೊಟ್ಟರು. ಜೀರ್ಣಕ್ರಿಯೆಯ ಕುರಿತ ಸಂಶೋಧನೆಗಾಗಿ ೧೯೦೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹಿಂದೆ ಕಂಡು ಉಂಡದ್ದನ್ನು ನೆನಪಿಟ್ಟುಕೊಂಡ ಮಿದುಳು, ಮುಂದಿರುವುದು ಹೇಗಿರಬೇಕೆಂದು ಮೊದಲೇ ಒಂದು ನಿರ್ಣಯಕ್ಕೆ ಬಂದಿರುತ್ತದೆ. ನಾಲಗೆ ಸಾಕ್ಷಿ ನುಡಿಯುವುದು ಅನಂತರ.

ಈ ನಿರ್ಣಯ ಎಷ್ಟು ಪ್ರಬಲವೆಂಬುದನ್ನು ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾನಿಲಯದ ಪ್ರಯೋಗವೊಂದು ವಿನೋದಕರವಾಗಿ ತೋರಿಸಿತು. ಅದರ ವರದಿ ಪ್ರಕಟವಾದದ್ದು ೨೦೦೧ರಲ್ಲಿ. ದ್ರಾಕ್ಷಾಮದ್ಯದ ಶಾಸ್ತ್ರವನ್ನೇ ಓದುತ್ತಿದ್ದ ೫೪ ವಿದ್ಯಾರ್ಥಿಗಳಿಗೆ ಬಿಳಿಯ ವೈನ್ ಒಂದಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅದನ್ನು ಮೂಸಿದವರು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ಬಣ್ಣಿಸಿದರು! ತಜ್ಞರಾಗಹೊರಟವರ ಗತಿಯೇ ಇದಾದರೆ ನಮ್ಮ ನಿಮ್ಮ ಪಾಡೇನು? ಕಾಫಿಯ ಸೀಮೆಯಾದ ಅಮ್ಮತ್ತಿಯವರಿಗೆ ಇನ್ನೊಂದು ಸ್ವಾರಸ್ಯ: ಬಿಳಿಯ ಬಟ್ಟಲಿನಲ್ಲಿ ಕುಡಿದ ಕಾಫಿ ಪಾರದರ್ಶಕ ಗಾಜಿನ ಬಟ್ಟಲಿನ ಕಾಫಿಗಿಂತ ಗಾಢವಾಗಿಯೂ ಕಡಿಮೆ ಸಿಹಿಯಾಗಿಯೂ ತೋರಿತೆಂದು ೨೦೧೪ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗ ತಿಳಿಸುತ್ತದೆ.

ಹಾಗೆಂದು ಕಣ್ಣಿನ ಪಾಲನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವವರ ಗುಂಪಿಗೆ ನಾವು ಸೇರಿದವರಲ್ಲ. ಬೂಷ್ಟು ಹಿಡಿದುದನ್ನು, ಹಳಸಿದುದನ್ನು ಬಾಯಿಗೆ ಹೋಗದಂತೆ ತಡೆಯುವ ಮೊದಲ ಕಾವಲುಗಾರ ಅದೇ. ಊಟವನ್ನು ಅಂದವಾಗಿ ಬಡಿಸುವುದು ಸಿರಿವಂತರ ಷೋಕಿಯೆಂದು ಹಲವರು ಹೇಳುವುದುಂಟು. ಅದನ್ನೂ ನಾವು ಒಪ್ಪೆವು. ಕೊಡಗಿನ ಪಂದಿಕರಿಯನ್ನೇ ನೋಡಿರಿ. ಹುರಿದು ಪುಡಿಮಾಡಿದ ಮಸಾಲೆಯೂ, ಹಣ್ಣಿನ ರಸವನ್ನು ಬತ್ತಿಸಿ ಮಾಡಿದ ಕಪ್ಪನೆಯ ಕಾಚಂಪುಳಿಯೂ ಕೂಡಿ ಅದು ಬಹುಮಟ್ಟಿಗೆ ಕರ್ರಗಾಗುತ್ತದೆ. ಒಂಟಿಯಾಗಿ ನೋಡಿದರೆ ಚೆಲುವೆನ್ನಲಾಗದು. ಅದರ ಮಗ್ಗುಲಲ್ಲಿ ಅಕ್ಕಿತರಿಯ ಕಡಂಬುಟ್ಟಿನ ಬೆಳ್ಳನೆಯ ಉಂಡೆಗಳನ್ನು ಇಟ್ಟೊಡನೆ ಎರಡೂ ಕಳೆಗೊಳ್ಳುತ್ತವೆ. ಬಾಳೆಲೆಯ ಹಸಿರಿನ ಮೇಲೆ ಬಿಳಿಯ ಅನ್ನ, ಮೂಲೆಯಲ್ಲಿ ಕೋಸಂಬರಿ, ಕೆಂಪು ಉಪ್ಪಿನಕಾಯಿ: ಇದಕ್ಕೆ ಕಾಸಿನ ಖರ್ಚಿಲ್ಲ. ವಿದ್ಯಾರ್ಥಿನಿಲಯವೊಂದರಲ್ಲಿ ನಾವು ಉಂಡ ದಿನಗಳು ನೆನಪಿಗೆ ಬರುತ್ತವೆ. ಸಾರು, ಪಲ್ಯ, ಮಜ್ಜಿಗೆ ಮೂರೂ ಒಂದೇ ತಟ್ಟೆಯಲ್ಲಿ ಹರಿದು ಕೂಡಿ ಬೂದಿಯ ಬಣ್ಣ ತಾಳುತ್ತಿದ್ದವು. ಅಡಿಗೆ ಕೆಟ್ಟದ್ದಾಗಿರಲಿಲ್ಲ; ತಟ್ಟೆಯನ್ನು ನೋಡಿಯೇ ಅರ್ಧ ಹಸಿವು ಇಂಗುತ್ತಿತ್ತು. ಎರಡು ಬಟ್ಟಲುಗಳನ್ನು ಹೆಚ್ಚಾಗಿ ಇಟ್ಟಿದ್ದರೆ ಎಷ್ಟೋ ಅನ್ನ ಚೆಲ್ಲುವುದು ತಪ್ಪುತ್ತಿತ್ತು.

ತೊಡಕು ಬರುವುದು ಬೇರೆಡೆ. ಕೊಡಗಿನ ಕಾಫಿತೋಟಗಳ ನೆರಳಲ್ಲಿ ಬೆಳೆಯುವ ಕಿತ್ತಳೆ ಪ್ರಸಿದ್ಧವಾದುದು. ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಉಂಟು. ಆದರೆ ಅದರ ಸಿಪ್ಪೆ ಹಣ್ಣಾದಾಗಲೂ ಹಸಿರು ಮಿಶ್ರಿತ ಹಳದಿ. ಕಿತ್ತಳೆಯ ಸಿಪ್ಪೆಯಲ್ಲಿನ ಪತ್ರಹರಿತು ಚೆನ್ನಾಗಿ ಅಳಿದು ಕೇಸರಿ ಬಣ್ಣ ಮೇಲೇಳಲು ತಣ್ಣನೆಯ ರಾತ್ರಿಗಳು ಬೇಕು. ಉಷ್ಣವಲಯದಲ್ಲಿ ಒಳಗಿನ ತೊಳೆ ಮಾಗಿ ಸಿಹಿಯಾದರೂ ಹೊರಗೆ ಹಸಿರು ಉಳಿಯುವುದು ಸಹಜ. ಪೇಟೆಯ ಗಿರಾಕಿ ಇದನ್ನು ಬಲ್ಲನೆ? ಕಾಯಿಯೆಂದು ಮೂಗು ಮುರಿದು ಪಕ್ಕದ ಕೇಸರಿ ಹಣ್ಣನ್ನು ಆರಿಸಿಕೊಳ್ಳುತ್ತಾನೆ. ಕೊಡಗಿನ ಕಿತ್ತಳೆ ಕ್ಷೀಣಿಸಿದ್ದಕ್ಕೆ ಮುಖ್ಯ ಕಾರಣ ಗಿಡಗಳ ರೋಗಗಳೇ ಹೊರತು ಗಿರಾಕಿಯ ಕಣ್ಣಲ್ಲ. ಆದರೂ ಉಳಿದ ಹಣ್ಣಿಗೆ ಸಲ್ಲಬೇಕಾದ ಬೆಲೆಯನ್ನು ಆ ಕಣ್ಣು ತಗ್ಗಿಸುತ್ತದೆಂದು ನಮ್ಮ ಭಾವನೆ. ಅಮೆರಿಕದಲ್ಲಿ ಇಂಥ ಕಣ್ಣನ್ನು ಓಲೈಸಲೆಂದೇ ಕಿತ್ತಳೆಯ ಸಿಪ್ಪೆಗೆ ಬಳಿಯುವ ಕೆಂಪು ಬಣ್ಣವೊಂದಕ್ಕೆ ೧೯೫೬ರಲ್ಲಿ ಅನುಮತಿ ಕೊಟ್ಟರು.

ನಮ್ಮ ನಾಡಿನಲ್ಲಿ ಅದೇ ಕಣ್ಣು ಏನನ್ನು ಬೇಡಿತೆಂಬುದು ೨೦೨೪ರ ಮಾರ್ಚಿಯಲ್ಲಿ ಬಯಲಾಯಿತು. ಕರ್ನಾಟಕ ಸರ್ಕಾರ ಪರೀಕ್ಷೆಗೆ ಒಳಪಡಿಸಿದ ಗೋಬಿ ಮಂಚೂರಿಯ ೧೭೧ ಮಾದರಿಗಳಲ್ಲಿ ೧೦೭ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣಗಳು ಕಂಡುಬಂದವು. ಬೊಂಬಾಯಿ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಇತ್ತು. ಸರ್ಕಾರ ಇಂಥ ಬಣ್ಣಗಳನ್ನು ನಿಷೇಧಿಸಿತು. ಜೂನ್ ತಿಂಗಳಲ್ಲಿ ಕಬಾಬಿಗೂ ನಿಷೇಧ ವಿಸ್ತರಿಸಿತು. ನಿಷೇಧ ಯೋಗ್ಯವಾದುದೇ. ಆದರೆ ತಪ್ಪೆಲ್ಲವನ್ನೂ ಗಾಡಿಯವನ ತಲೆಗೆ ಕಟ್ಟುವುದು ನ್ಯಾಯವೆಂದು ನಮಗೆ ತೋರದು. ಹೂಕೋಸಿನ ನಿಜವಾದ ಬಣ್ಣ ಬಿಳಿ. ಎಣ್ಣೆಯಲ್ಲಿ ಕರಿದರೆ ಕಂದು. ಕೆಂಡದ ಕೆಂಪು ಇಲ್ಲದಿದ್ದರೆ ಖಾರವಿಲ್ಲವೆಂದು ಪಕ್ಕದ ಗಾಡಿಗೆ ನಡೆದವರು ಯಾರು? ಹಸಿರು ಕಿತ್ತಳೆಯನ್ನು ಕೆಳಗಿಟ್ಟು ಹೋದವರೇ ಅಲ್ಲವೆ?

ಬಡಿಸುವ ಕೈ ಅಂದವನ್ನು ಕೂಡಿಸಲಿ, ಬೇಡವೆನ್ನೆವು. ಆಹಾರದ ಸಹಜ ಬಣ್ಣವನ್ನು ಮರೆಸುವುದು ಮಾತ್ರ ಬೇರೆಯ ಮಾತು. ಕಣ್ಣಿಗೆ ಹೊಸ ಪಾಠ ಕಲಿಸುವುದು ಅಸಾಧ್ಯವೇನಲ್ಲ. ಆ ಮಳೆಯ ದಿನ ಮೊದಲ ಚಮಚೆಯನ್ನು ನಾವು ಕಣ್ಣುಮುಚ್ಚಿ ನುಂಗಿದೆವು. ಮೂರನೆಯದಕ್ಕೆ ಕಣ್ಣು ತೆರೆದಿತ್ತು. ಮರುವರ್ಷ ಅದೇ ನೇರಳೆಯನ್ನು ಕಂಡೊಡನೆ ಬಾಯಲ್ಲಿ ನೀರೂರಿತು.

ವಿದ್ಯಾರ್ಥಿಮಿತ್ರರು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ಪಾತ್ರೆಯ ನಿಂಬೆಯ ಪಾನಕವನ್ನು ಎರಡು ಗಾಜಿನ ಲೋಟಗಳಿಗೆ ಸುರಿದು, ಒಂದಕ್ಕೆ ಬೀಟ್‌ರೂಟಿನ ರಸವನ್ನು ಎರಡೇ ಹನಿ ಬೆರೆಸಿರಿ. ಯಾವುದು ಹೆಚ್ಚು ಸಿಹಿಯೆಂದು ಹತ್ತು ಮಂದಿ ಗೆಳೆಯರನ್ನು ಕೇಳಿ, ಉತ್ತರಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆಸಿಕೊಳ್ಳಿರಿ. ಅನಂತರ ಕಣ್ಣಿಗೆ ಬಟ್ಟೆ ಕಟ್ಟಿ, ಲೋಟಗಳನ್ನು ಅದಲುಬದಲು ಮಾಡಿ, ಅದೇ ಹತ್ತು ಮಂದಿಯನ್ನು ಮತ್ತೊಮ್ಮೆ ಕೇಳಿರಿ. ಎರಡು ಸಲದ ಚೀಟಿಗಳನ್ನೂ ಜೊತೆಗಿಟ್ಟು ನೋಡುವವರೆಗೆ ಪಾನಕ ಒಂದೇ ಪಾತ್ರೆಯದೆಂದು ಯಾರಿಗೂ ಹೇಳಬೇಡಿರಿ.